ಕೋಟೆಯೂ ಅಂಗಳವೂ: ಮಿನೋವನ್ ಮತ್ತು ಮೈಸೀನಿಯನ್ ವಾಸ್ತುವನ್ನು ಕುರಿತು

ಕ್ರೀಟ್ ದ್ವೀಪದ ಮಿನೋವನ್ನರು ಶಾಂತಿಪ್ರಿಯರು, ಗ್ರೀಸಿನ ಮುಖ್ಯ ಭೂಭಾಗದ ಮೈಸೀನಿಯನ್ನರು ಯುದ್ಧಪ್ರಿಯರು ಎಂಬ ಮಾತು ಚರಿತ್ರೆಯ ಪಠ್ಯಗಳಲ್ಲಿ ಬಹುಕಾಲದಿಂದ ರೂಢವಾಗಿದೆ. ಇದಕ್ಕೆ ಕೊಡುವ ಮುಖ್ಯ ಆಧಾರವು ವಾಸ್ತುವಿನದೇ: ಕ್ನೋಸಸ್ಸಿನ ಅರಮನೆಗೆ ಕೋಟೆಯಿಲ್ಲ, ಮೈಸೀನೆಗೂ ಟಿರಿನ್ಸಿಗೂ ಉಂಟು. ಈ ಆಧಾರವು ಎಷ್ಟರಮಟ್ಟಿಗೆ ದೃಢವಾದುದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಿ. ಪೂ. 1900ರ ಸುಮಾರಿನಲ್ಲಿ ಕ್ನೋಸಸ್, ಫೈಸ್ಟಸ್, ಮಾಲಿಯಾಗಳಲ್ಲಿ ಅರಮನೆಗಳು ತಲೆಯೆತ್ತಿದವು. ಉತ್ತರ ದಕ್ಷಿಣವಾಗಿ ಚಾಚಿದ ವಿಶಾಲವಾದ ನಡುವಣ ಅಂಗಳವೇ ಇವುಗಳ ವಿನ್ಯಾಸಕ್ಕೆ ಕೇಂದ್ರ. ಕ್ನೋಸಸ್ಸಿನಲ್ಲಿ ಅದರ ಉದ್ದ ಸುಮಾರು 50 ಮೀಟರು, ಅಗಲ ಸುಮಾರು 25 ಮೀಟರು. ಅದರ ಸುತ್ತ ಉಗ್ರಾಣಗಳು, ಸೋಪಾನಗಳು, ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಅಗಲವಾಗುವ ಮರದ ಕಂಬಗಳು, ಒಳಕೋಣೆಗಳಿಗೆ ಗಾಳಿ ಬೆಳಕು ಇಳಿಯಲೆಂದು ಮೇಲೆ ತೆರೆದಿಟ್ಟ ಸಣ್ಣ ತೊಟ್ಟಿಗಳು. 1900ರಲ್ಲಿ ಇಲ್ಲಿ ಉತ್ಖನನವನ್ನು ಆರಂಭಿಸಿದ ಆರ್ಥರ್ ಎವನ್ಸ್ ಅನೇಕ ಭಾಗಗಳನ್ನು ಕಾಂಕ್ರೀಟಿನಿಂದ ಪುನಃ ಕಟ್ಟಿಸಿದನು. ಆದುದರಿಂದ ನಮ್ಮ ಕಣ್ಣಿಗೆ ಬೀಳುವ ಕ್ನೋಸಸ್ಸಿನಲ್ಲಿ ಇಪ್ಪತ್ತನೆಯ ಶತಮಾನದ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಮೈಸೀನಿಯನ್ ಅರಮನೆಗೆ ಕೇಂದ್ರವಾದುದು ‘ಮೆಗರಾನ್’. ಮುಖಮಂಟಪ, ಅದರ ಹಿಂದೆ ಒಂದು ನಡುಕೋಣೆ, ಅದಕ್ಕೂ ಹಿಂದೆ ದೊಡ್ಡ ಸಭಾಗೃಹ. ಇವು ಮೂರೂ ಒಂದೇ ಸಾಲಿನಲ್ಲಿರುವುವು. ಸಭಾಗೃಹದ ನಡುವೆ ದುಂಡನೆಯ ಅಗ್ಗಿಷ್ಟಿಕೆ, ಅದರ ಸುತ್ತ ನಾಲ್ಕು ಕಂಬಗಳು. ಮೈಸೀನೆಯಲ್ಲಿ ಕ್ರಿ. ಪೂ. 1250ರ ಸುಮಾರಿನ ಸಿಂಹದ್ವಾರದ ಮೇಲುತೊಲೆಯ ಮೇಲೆ ಗೋಡೆಯ ಭಾರ ಬೀಳದಂತೆ ತ್ರಿಕೋನಾಕಾರದ ತೆರವನ್ನು ಬಿಟ್ಟು, ಅದನ್ನು ಸಿಂಹಗಳ ಉಬ್ಬುಶಿಲ್ಪದಿಂದ ಮುಚ್ಚಿದ್ದಾರೆ. ಟಿರಿನ್ಸಿನ ಬಂಡೆಗಳ ಗಾತ್ರವನ್ನು ಕಂಡ ಮುಂದಿನ ಗ್ರೀಕರು ಅವನ್ನು ಕಟ್ಟಿದವರು ಸೈಕ್ಲೋಪರೆಂಬ ದೈತ್ಯರೇ ಎಂದು ನಂಬಿದರು.

ಆದರೆ ಕೋಟೆಯಿಂದ ಜನಸ್ವಭಾವವನ್ನು ನಿರ್ಣಯಿಸಲು ಎರಡು ಅಡ್ಡಿಗಳುಂಟು. ಮೊದಲನೆಯದು: ಮೈಸೀನೆಯಲ್ಲಿ ಷ್ಲೀಮನ್ 1876ರಲ್ಲಿ ಅಗೆದ ಸಮಾಧಿಗಳಲ್ಲಿ ಖಡ್ಗ ಕಠಾರಿಗಳು ಹೇರಳವಾಗಿ ದೊರೆತವು, ಈ ಸಮಾಧಿಗಳು ಈಗ ಕಾಣುವ ಕೋಟೆಗಿಂತ ಶತಮಾನಗಳಷ್ಟು ಹಿಂದಿನವು. ಯೋಧರು ಮೊದಲು ಬಂದರು, ಕೋಟೆ ಆಮೇಲೆ ಬಂದಿತು. ಎರಡನೆಯದು ಪೈಲೊಸ್. 1939ರಲ್ಲಿ ಕಾರ್ಲ್ ಬ್ಲೆಗೆನ್ ಪತ್ತೆಹಚ್ಚಿದ ಈ ಅರಮನೆಯ ಮೆಗರಾನ್ ಲಕ್ಷಣಬದ್ಧವಾದುದು. ಆದರೂ ಅದು ಬೆಂಕಿಗೆ ಆಹುತಿಯಾದ ಕಾಲದಲ್ಲಿ ಮೈಸೀನೆಯದರಂತಹ ಮಹಾಪ್ರಾಕಾರ ಅದಕ್ಕಿರಲಿಲ್ಲ. ಆ ಬೆಂಕಿಯಲ್ಲೇ ಸುಟ್ಟು ಗಟ್ಟಿಯಾಗಿ ಉಳಿದ ಮಣ್ಣಿನ ಫಲಕಗಳ ಲಿಪಿಯನ್ನು ಮೈಕೇಲ್ ವೆಂಟ್ರಿಸ್ 1952ರಲ್ಲಿ ಭೇದಿಸಿದನು. ಸಮುದ್ರತೀರದ ಕಾವಲಿಗೆ ನೇಮಿಸಿದವರ ಪಟ್ಟಿಗಳೂ ಹುಟ್ಟುಹಾಕುವವರ ಲೆಕ್ಕಗಳೂ ಅವುಗಳಲ್ಲಿವೆ. ಕೋಟೆಯಿಲ್ಲದ ಮಾತ್ರಕ್ಕೆ ಈ ಅರಸೊತ್ತಿಗೆಯನ್ನು ನಿಶ್ಚಿಂತವಾದುದೆಂದು ಹೇಳುವಂತಿಲ್ಲ.

ಪೈಲೊಸಿಗೆ ಸಲ್ಲದ ತರ್ಕವು ಕ್ನೋಸಸ್ಸಿಗೂ ಸಲ್ಲದು. ಕಟ್ಟಡದ ವಿನ್ಯಾಸವು ನಿಸ್ಸಂದೇಹವಾಗಿ ತಿಳಿಸುವುದು ಬೇರೊಂದು ಭೇದವನ್ನು: ಒಂದೆಡೆ ಬಹುಜನರು ನೆರೆಯಬಲ್ಲ ಬಯಲಂಗಳದ ಸುತ್ತ ಅರಮನೆ ಹರಡಿಕೊಂಡಿತು, ಇನ್ನೊಂದೆಡೆ ಮಾಡಿನ ಕೆಳಗೆ, ಒಂದು ಅಗ್ಗಿಷ್ಟಿಕೆಯ ಸುತ್ತ ಅದು ಕೇಂದ್ರೀಕೃತವಾಯಿತು. ಜನರು ಎಲ್ಲಿ, ಹೇಗೆ ಸೇರುತ್ತಿದ್ದರೆಂಬುದಕ್ಕೆ ಕಲ್ಲು ಸಾಕ್ಷಿ ನುಡಿಯಬಲ್ಲದು. ಅವರ ಮನೋಧರ್ಮಕ್ಕೆ ಅದೊಂದನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ಯುಕ್ತವಲ್ಲ.