ಮನೆಯೊಳಗೆ ರೇಂಜ್ ಇಲ್ಲದಿದ್ದರೆ ಏನು ಮಾಡಬಹುದು? ಗಡಿನಾಡಿನ ಮನೆಗಳಿಗೆ ಫೋನ್ ಮಾಹಿತಿ

ಗಡಿಭಾಗದ ಹಳ್ಳಿಗಳಲ್ಲಿ ಮೊಬೈಲ್ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಆದರೆ ಮನೆಯೊಳಗೆ ಕೂತು ನೆಮ್ಮದಿಯಾಗಿ ಮಾತಾಡಬಹುದಾದ ಮನೆಗಳು ಅಷ್ಟಿಲ್ಲ. ಅಂಗಳದ ಮೂಲೆ, ತಾರಸಿ, ಗುಡ್ಡದ ಮೇಲಿನ ಬಂಡೆ ಎಂದು ಅನೇಕ ಊರುಗಳಲ್ಲಿ ‘ರೇಂಜ್ ಸಿಗುವ ಜಾಗ’ ಒಂದಿರುತ್ತದೆ. ಹಗಲಲ್ಲಿ ಇದು ತಮಾಷೆಯ ಮಾತು. ರಾತ್ರಿ ಹೊತ್ತು ಹಿರಿಯರಿಗೆ ಎದೆನೋವು ಬಂದಾಗ, ಮಳೆಯಲ್ಲಿ ಟಾರ್ಚ್ ಹಿಡಿದು ಆ ಜಾಗಕ್ಕೆ ಓಡಬೇಕಾದರೆ ತಮಾಷೆಯಲ್ಲ.

ಟವರ್ ದೂರ ಇರುವುದೊಂದೇ ಕಾರಣವಲ್ಲ. ಕಾಸರಗೋಡು, ವಯನಾಡು ಕಡೆ ಗುಡ್ಡ ಅಡ್ಡ ಬರುತ್ತದೆ. ಅಡಿಕೆ, ರಬ್ಬರ್ ತೋಟದ ಒದ್ದೆ ಎಲೆಗಳೂ ಸಿಗ್ನಲನ್ನು ಹೀರಿಕೊಳ್ಳುತ್ತವೆ. ತಾಳವಾಡಿಯಲ್ಲಿ ಬೆಟ್ಟ ಮತ್ತು ಕಾಡು. ಜತ್ತ, ಅಕ್ಕಲಕೋಟೆ ಕಡೆ ನೆಲ ಬಯಲಾದರೂ ಮಣ್ಣಿನ ಮಾಳಿಗೆ ಮನೆಯ ದಪ್ಪ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತಗಡು. ಮಾಡಿಗೆ ತಗಡಿನ ಶೀಟು ಹಾಕಿಸಿದ ಮೇಲೆ ರೇಂಜ್ ಹೋಯಿತು ಎನ್ನುವವರ ಮಾತು ಸುಳ್ಳಲ್ಲ. ಲೋಹ ರೇಡಿಯೋ ಅಲೆಯನ್ನು ಒಳಗೆ ಬಿಡದೆ ತಿರುಗಿಸಿ ಕಳಿಸುತ್ತದೆ. ಅಲೆಗಳಲ್ಲೂ ವ್ಯತ್ಯಾಸವಿದೆ. 700ರಿಂದ 900 ಮೆಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಸುಮಾರಾಗಿ ದಾಟುತ್ತದೆ. 1800, 2100, 2300 ಮೆಗಾಹರ್ಟ್ಸ್ ಅಲೆಗಳಿಗೆ ಆ ಶಕ್ತಿ ಕಡಿಮೆ. ಪಕ್ಕದ ಮನೆಯವರ ಬೇರೆ ಕಂಪನಿಯ ಸಿಮ್ ಚೆನ್ನಾಗಿ ಕೆಲಸ ಮಾಡಲು ಇದೂ ಒಂದು ಕಾರಣವಿರಬಹುದು.

ದುಡ್ಡು ಖರ್ಚು ಮಾಡುವ ಮೊದಲು ಅಳತೆ ಮಾಡಿ. ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಫೋನ್ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ನೋಡಿದರೆ ಡಿಬಿಎಂ ಎಂಬ ಅಳತೆಯಲ್ಲಿ ಅಂಕಿ ಸಿಗುತ್ತದೆ. ಅದು ಯಾವಾಗಲೂ ಮೈನಸ್ ಅಂಕಿ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 95ರವರೆಗೆ ಚಿಂತೆಯಿಲ್ಲ, ಮೈನಸ್ 105 ಆದರೆ ಹೇಗೋ ನಡೆಯುತ್ತದೆ, 115 ದಾಟಿದರೆ ಮಾತು ತುಂಡಾಗುತ್ತದೆ. ಮೂರು ಅಂಕಿ ಇಳಿದರೆ ಶಕ್ತಿ ಅರ್ಧಕ್ಕಿಳಿದಂತೆ, ಹತ್ತು ಇಳಿದರೆ ಹತ್ತನೇ ಒಂದು ಪಾಲು ಎಂದು ಲೆಕ್ಕ. ಹಾಗಾಗಿ ಅಡುಗೆಮನೆಗೂ ಜಗಲಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಪ್ರತಿ ಕೋಣೆಯಲ್ಲಿ ಒಂದು ನಿಮಿಷ ನಿಂತು ಅಂಕಿ ಬರೆದುಕೊಳ್ಳಿ. ಬೇರೆ ಕಂಪನಿಯ ಸಿಮ್ ಇರುವ ನೆಂಟರು ಬಂದಾಗ ಅವರ ಫೋನಿನಲ್ಲೂ ನೋಡಿ.

ಎಲ್ಲೋ ಒಂದು ಕಿಟಕಿಯ ಬಳಿ ಅಂಕಿ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿಯಿತು. ಫೋನನ್ನು ಅಲ್ಲೇ ಇಟ್ಟು, ಇಯರ್‌ಫೋನ್ ಅಥವಾ ಬ್ಲೂಟೂತ್‌ನಲ್ಲಿ ಮಾತಾಡಿ. ಕೈಯಲ್ಲಿ ಬಿಗಿಯಾಗಿ ಹಿಡಿದರೆ ಕೈಯೇ ಆಂಟೆನಾಕ್ಕೆ ಅಡ್ಡವಾಗುತ್ತದೆ. ಲೋಹದ ಕವರ್ ಇದ್ದರೆ ತೆಗೆಯಿರಿ. ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡೂ ಒಂದೇ ಕಂಪನಿಯವಾದರೆ ಪ್ರಯೋಜನ ಕಡಿಮೆ. 4ಜಿ ತೀರಾ ಕ್ಷೀಣವಾಗಿದ್ದರೆ ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಸಿಮ್‌ಗಳಲ್ಲಿ ನೆಟ್‌ವರ್ಕನ್ನು 2ಜಿಗೆ ಇಟ್ಟು ನೋಡಬಹುದು, ಕರೆ ನಿಲ್ಲುವುದುಂಟು. ಜಿಯೋಗೆ 2ಜಿ ಇಲ್ಲ.

ಇಂದು ಇರುವ ಉಪಾಯಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ವೈ-ಫೈ ಕಾಲಿಂಗ್. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರುಮಾಡಿದವು. ವಿಐ ಮತ್ತು ಬಿಎಸ್‌ಎನ್‌ಎಲ್ ಆಮೇಲೆ ಬಂದವು. ಮನೆಗೆ ಕೇಬಲ್ ಇಂಟರ್‌ನೆಟ್ ಬಂದಿದ್ದರೆ ಟವರ್ ಇಲ್ಲದಿದ್ದರೂ ನಿಮ್ಮ ಅದೇ ನಂಬರಿನಿಂದ ಕರೆ ಹೋಗುತ್ತದೆ, ಬರುತ್ತದೆ. ಬೇರೆ ಆ್ಯಪ್ ಬೇಡ. ಎದುರಿನವರ ಬಳಿ ಹಳೆಯ ಬಟನ್ ಫೋನ್ ಇದ್ದರೂ ಸರಿ. ವಾಟ್ಸ್ಯಾಪ್ ಕರೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಐದು ನಿಮಿಷದ ಮಾತಿಗೆ ಸುಮಾರು 5 ಎಂಬಿ ಡೇಟಾ ಸಾಕು.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ಮೊದಲು ವೋಲ್ಟಿ, ಬಳಿಕ ವೈ-ಫೈ ಕಾಲಿಂಗ್ ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಆನ್ ಮಾಡಬೇಕು. ಹಲವರು ಎಡವುವುದು ಇಲ್ಲೇ. ‘ವೈ-ಫೈಗೆ ಆದ್ಯತೆ’ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಫೋನ್ ಸಾಯುತ್ತಿರುವ ಟವರ್ ಸಿಗ್ನಲನ್ನೇ ಹಿಡಿದು ಕೂರುತ್ತದೆ. ಮಾತಾಡುತ್ತ ಗೇಟಿನವರೆಗೆ ನಡೆದರೆ ಕರೆ ಟವರಿಗೆ ದಾಟಬೇಕಾಗುತ್ತದೆ, ಅಲ್ಲಿ ಸಿಗ್ನಲ್ ಇಲ್ಲದಿದ್ದರೆ ಕಟ್ಟಾಗುತ್ತದೆ.

ಕರೆಂಟ್ ಹೋದರೆ ರೌಟರ್ ಕೂಡ ಹೋಗುತ್ತದೆ. ಮಳೆಗಾಲದಲ್ಲಿ ಇದು ದೊಡ್ಡ ತೊಂದರೆ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ತಂದು ಜೋಡಿಸಿದರೆ ಕೆಲವು ಗಂಟೆ ನಡೆಯುತ್ತದೆ. ಹೆಚ್ಚಿನ ರೌಟರುಗಳು 12 ವೋಲ್ಟಿನವು. ಆದರೂ ಅಡಾಪ್ಟರ್ ಮೇಲೆ ಬರೆದದ್ದನ್ನು ನೋಡಿಯೇ ಕೊಳ್ಳಿ.

ಲ್ಯಾಂಡ್‌ಲೈನನ್ನು ಮರೆತುಬಿಡಬೇಡಿ. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಊರಿಡೀ ಕತ್ತಲಾದರೂ ಅದು ಬಡಿಯುತ್ತಿತ್ತು. ಈಗಿನ ಫೈಬರ್ ಫೋನಿಗೆ ಆ ಗುಣವಿಲ್ಲ, ಅದಕ್ಕೂ ಯುಪಿಎಸ್ ಬೇಕು. ಆದರೆ ಫೈಬರ್ ಪೆಟ್ಟಿಗೆಯಲ್ಲಿ ಫೋನಿನ ತೂತು ಇದ್ದರೆ, ಕನೆಕ್ಷನ್ ಕೊಟ್ಟವರಲ್ಲಿ ಕೇಳಿ ಸಾಮಾನ್ಯ ಟೆಲಿಫೋನ್ ಜೋಡಿಸಿಕೊಳ್ಳಬಹುದು. ಮೊಬೈಲ್ ಒತ್ತಲು ಬಾರದ ಹಿರಿಯರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಕರೆ ಮಾಡುವಾಗಲೂ ಮೊದಲು ಸೊನ್ನೆ ಒತ್ತಬೇಕು ಎಂಬ ನಿಯಮ 2021ರ ಜನವರಿ 15ರಿಂದ ಬಂದಿದೆ.

ಮೊಬೈಲ್ ಸಿಗದಾಗ ಕರೆ ತಾನಾಗಿ ಲ್ಯಾಂಡ್‌ಲೈನಿಗೆ ಹೋಗುವಂತೆ ಫಾರ್ವರ್ಡ್ ಮಾಡಿಡಬಹುದು. ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ‘ಸಿಗದಿದ್ದಾಗ’ ಎಂಬುದಕ್ಕೆ ಎಸ್‌ಟಿಡಿ ಕೋಡ್ ಸಹಿತ ನಂಬರ್ ಹಾಕಿ. ಕಾಸರಗೋಡಾದರೆ 04994, ಹೊಸೂರಾದರೆ 04344, ಸೋಲಾಪುರವಾದರೆ 0217. ಅಪರಿಚಿತರು ಫೋನ್ ಮಾಡಿ ನಕ್ಷತ್ರ ಚಿಹ್ನೆಯ ಕೋಡ್ ಒತ್ತಲು ಹೇಳಿದರೆ ಮಾತ್ರ ಒತ್ತಬೇಡಿ. ನಿಮ್ಮ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಂಡು ಓಟಿಪಿ ಕದಿಯುವ ವಂಚನೆ ಅದು.

ಇನ್ನು ಪೇಟೆಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಬೂಸ್ಟರ್. ಅನುಮತಿ ಇಲ್ಲದೆ ಇದನ್ನು ಇಟ್ಟುಕೊಳ್ಳುವುದು, ಮಾರುವುದು ಕಾನೂನಿಗೆ ವಿರುದ್ಧ. ದೂರಸಂಪರ್ಕ ಇಲಾಖೆ 2022ರ ಜುಲೈಯಲ್ಲಿ ಮತ್ತೆ ಎಚ್ಚರಿಸಿದೆ. ಕಾನೂನು ಬಿಟ್ಟರೂ, ಒಬ್ಬರ ಮನೆಯ ಅಗ್ಗದ ಬೂಸ್ಟರ್ ಟವರಿಗೆ ಗದ್ದಲ ತುಂಬಿ ಊರವರೆಲ್ಲರ ಕರೆ ಕೆಡಿಸುತ್ತದೆ. ಹೊರಗೆ ಆಂಟೆನಾ ಜೋಡಿಸುವ 4ಜಿ ರೌಟರ್ ಬೇರೆ ವಸ್ತು. ಅದು ತನ್ನ ಸಿಮ್‌ನಿಂದ ಇಂಟರ್‌ನೆಟ್ ಹಿಡಿದು ಮನೆಗೆ ವೈ-ಫೈ ಕೊಡುತ್ತದೆ. ಕೇಬಲ್ ಬಾರದ ಊರಿನಲ್ಲಿ ಆಂಟೆನಾವನ್ನು ಮಾಡಿನ ಮೇಲೆ ಟವರಿನ ಕಡೆ ತಿರುಗಿಸಿಟ್ಟು, ಆ ವೈ-ಫೈಯಲ್ಲಿ ವೈ-ಫೈ ಕಾಲಿಂಗ್ ಮಾಡಬಹುದು.

ಗಡಿಯವರಿಗೆ ಮಾತ್ರ ಇರುವ ತೊಡಕು ಇನ್ನೊಂದಿದೆ. ಟೆಲಿಕಾಂ ಸರ್ಕಲ್‌ಗಳು ಹೆಚ್ಚುಕಡಿಮೆ ರಾಜ್ಯದ ಗಡಿಯಂತೆಯೇ ಇವೆ. ಗೋವಾ ಮಹಾರಾಷ್ಟ್ರದೊಂದಿಗೆ, ತೆಲಂಗಾಣ ಆಂಧ್ರದೊಂದಿಗೆ. ಗಡಿಯ ಮನೆಯಲ್ಲಿ ಫೋನ್ ಆ ಕಡೆಯ ಟವರ್, ಈ ಕಡೆಯ ಟವರ್ ಎಂದು ಹಾರುತ್ತಿರುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ, ಕರೆ ಬರುವಾಗ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಮಾತು ಕೇಳಿಸುತ್ತದೆ. ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು ಚೆನ್ನಾಗಿ ಸಿಗುವುದನ್ನು ಕೈಯಾರೆ ಆರಿಸಿದರೆ ಹಾರಾಟ ನಿಲ್ಲುವುದುಂಟು. ದೂರದ ಊರಿಗೆ ಹೋಗುವಾಗ ಮತ್ತೆ ಆಟೋಮ್ಯಾಟಿಕ್‌ಗೆ ಹಾಕಲು ಮರೆಯಬೇಡಿ.

ತುರ್ತು ಕರೆಯಲ್ಲೂ ಇದೇ ತೊಡಕು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ 112ಕ್ಕೆ ಕರೆ ಹೋಗಬಲ್ಲದು, ಆದ್ದರಿಂದ ಒತ್ತಿ ನೋಡದೆ ಬಿಡಬೇಡಿ. ಆದರೆ ಕರೆ ಹಿಡಿದ ಟವರ್ ಗಡಿಯಾಚೆಯದಾದರೆ ಉತ್ತರ ಕೊಡುವುದೂ ಆಚೆಯ ರಾಜ್ಯದವರೇ ಆಗಬಹುದು. ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ಪಂಚಾಯಿತಿ, ಊರು ಹೇಳಿ, ಆಮೇಲೆ ವಿಷಯ ಹೇಳಿ. ವೈ-ಫೈ ಕಾಲಿಂಗ್‌ನಲ್ಲಿ ತುರ್ತು ಕರೆ ಹೋಗಿಯೇ ಹೋಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಹತ್ತಿರದ ಆಸ್ಪತ್ರೆ, ಪೊಲೀಸ್ ಠಾಣೆ, ಊರಿನ ಜೀಪು ಅಥವಾ ಆಟೋದವರ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಫೋನಿನೊಳಗೆ ಮಾತ್ರ ಇದ್ದರೆ ಚಾರ್ಜ್ ಹೋದ ದಿನ ಯಾರಿಗೂ ಸಿಗುವುದಿಲ್ಲ.

ಸಿಗ್ನಲ್ ಇಡೀ ಊರಿಗೇ ಇಲ್ಲದಿದ್ದರೆ ಕಂಪನಿಯ 198ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಟವರೇ ಇಲ್ಲದ ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು, 24,680 ಹಳ್ಳಿಗಳಿಗೆ 26,316 ಕೋಟಿ ರೂಪಾಯಿ. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ಪಂಚಾಯಿತಿಯ ಮೂಲಕ ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಅರ್ಜಿಯ ಜೊತೆ ಮನೆಮನೆಯ ಡಿಬಿಎಂ ಅಂಕಿಗಳನ್ನು ಲಗತ್ತಿಸಿದರೆ ಅರ್ಜಿಗೆ ತೂಕ ಬರುತ್ತದೆ.