ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಾದಿಯ ಚಾರಣ: ನಿಂತ ರೈಲು, ಮರಳಿದ ರೈಲು

ಹಾಸನ ಜಿಲ್ಲೆಯ ಸಕಲೇಶಪುರದಿಂದ ದಕ್ಷಿಣ ಕನ್ನಡ ಜಿಲ್ಲೆಯ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಪಶ್ಚಿಮ ಘಟ್ಟವನ್ನು ಇಳಿಯುವ ಸುಮಾರು 55 ಕಿ.ಮೀ. ಉದ್ದದ ರೈಲು ಮಾರ್ಗವು ರಾಜ್ಯದ ಚಾರಣಪ್ರಿಯರಲ್ಲಿ 'ಹಸಿರು ಹಾದಿ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. 1996ರಲ್ಲಿ ಗೇಜ್ ಪರಿವರ್ತನೆಗಾಗಿ ಈ ಮಾರ್ಗದಲ್ಲಿ ಸಂಚಾರ ಸ್ಥಗಿತಗೊಂಡ ನಂತರ ಸುಮಾರು ಹತ್ತು ವರ್ಷಗಳ ಕಾಲ ಇಲ್ಲಿ ರೈಲುಗಳಿರಲಿಲ್ಲ. ಹಳಿ, ಸುರಂಗ, ಸೇತುವೆಗಳೆಲ್ಲ ಕಾಡಿನ ವಶದಲ್ಲಿದ್ದ ಆ ಅವಧಿಯಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳ ಯುವಕರು ಬೆನ್ನಿಗೆ ಚೀಲ ಕಟ್ಟಿಕೊಂಡು ಹಳಿಗುಂಟ ನಡೆದರು. ಅವರು ಬರೆದ ಪ್ರವಾಸ ಕಥನಗಳು ಅಂತರಜಾಲದಲ್ಲಿ ಈಗಲೂ ಉಳಿದಿವೆ. 'ಬಳಕೆಯಲ್ಲಿಲ್ಲದ ರೈಲು ಹಾದಿ' ಎಂಬ ಆ ಬರಹಗಳ ಮಾತನ್ನು ನಂಬಿ ಇಂದಿಗೂ ಹಲವರು ಅಲ್ಲಿಗೆ ಹೊರಡುತ್ತಾರೆ. 2006ರಿಂದ ಆ ಮಾತು ಸುಳ್ಳಾಗಿದೆ ಎಂಬುದನ್ನು ಆರಂಭದಲ್ಲಿಯೇ ತಿಳಿಸುವುದು ಅಗತ್ಯ.

ಮಲೆನಾಡಿನ ಈ ಹಾದಿಯ ಕಥೆಗೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಯಲು ಸೀಮೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ, ಅದು ಅದಿರಿನ ಸಂಬಂಧ. ಘಟ್ಟದಲ್ಲಿ ನಿಂತುಹೋಗಿದ್ದ ರೈಲನ್ನು ಮತ್ತೆ ಹತ್ತಿಸಿ ಇಳಿಸಿದ ಕಾರಣಗಳಲ್ಲಿ ಬಳ್ಳಾರಿ–ಹೊಸಪೇಟೆ ಭಾಗದ ಕಬ್ಬಿಣದ ಅದಿರು ಪ್ರಮುಖವಾದುದು. ಆ ವಿಷಯಕ್ಕೆ ಮುಂದೆ ಬರೋಣ.

ಮಾರ್ಗದ ಹಿನ್ನೆಲೆ

ಕರಾವಳಿಯನ್ನು ಹಳೆಯ ಮೈಸೂರು ಪ್ರಾಂತ್ಯಕ್ಕೆ ರೈಲಿನಿಂದ ಜೋಡಿಸಬೇಕೆಂಬ ಬೇಡಿಕೆ ಬಹು ಹಿಂದಿನದು. ಸ್ವಾತಂತ್ರ್ಯಾನಂತರ ಕೈಗೆತ್ತಿಕೊಂಡ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವು 1979ರಲ್ಲಿ ಪೂರ್ಣಗೊಂಡಿತು. ಹಾಸನದಿಂದ ಸಕಲೇಶಪುರದವರೆಗೆ ಭೂಮಿ ಏರಿಳಿತದ್ದಾದರೂ ಸೌಮ್ಯವಾದುದು. ಮಂಗಳೂರಿನ ಕಡೆಯ ಭಾಗವೂ ಅಷ್ಟೇನೂ ಕಠಿಣವಲ್ಲ. ನಡುವಿನ ಘಟ್ಟದ ಭಾಗವೇ ಎಂಜಿನಿಯರುಗಳನ್ನು ಕಾಡಿದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಸಕಲೇಶಪುರದಿಂದ ಹೊರಟ ಹಳಿಯು ಸುಬ್ರಹ್ಮಣ್ಯ ರಸ್ತೆಯನ್ನು ಮುಟ್ಟುವ ವೇಳೆಗೆ 750 ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಇಳಿಜಾರಿನ ಪ್ರಮಾಣ 50ಕ್ಕೆ 1, ಅಂದರೆ ಐವತ್ತು ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಇಳಿತ. ನಮ್ಮ ಎತ್ತಿನ ಬಂಡಿಗೆ ಇದು ಲೆಕ್ಕಕ್ಕಿಲ್ಲದ ಇಳಿಜಾರು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರುವ ರೈಲಿಗೆ ಮಾತ್ರ ಇದು ಕಡಿದಾದ ಇಳಿಜಾರು. ಈ ಪ್ರಮಾಣವನ್ನು ಮೀರದಂತೆ ಇಳಿಯಬೇಕಾದರೆ ಬೆಟ್ಟವನ್ನು ಬಳಸಿ ಬಳಸಿ ಹೋಗಬೇಕು, ಅಡ್ಡ ಬಂದ ಗುಡ್ಡವನ್ನು ಕೊರೆಯಬೇಕು, ಕಣಿವೆಗೆ ಸೇತುವೆ ಹಾಕಬೇಕು. ಹೀಗಾಗಿ ಈ ಭಾಗದಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ನಿರ್ಮಾಣಗೊಂಡವು.

ಸಕಲೇಶಪುರದ ನಂತರ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ನಿಲ್ದಾಣಗಳು ಬರುತ್ತವೆ. ನಂತರ ನೆಟ್ಟಣದ ಬಳಿಯ ಸುಬ್ರಹ್ಮಣ್ಯ ರಸ್ತೆ. ಇವುಗಳಲ್ಲಿ ಎಡಕುಮೇರಿಯದು ವಿಚಿತ್ರ ಸ್ಥಿತಿ. ಊರಿಲ್ಲ, ವಾಹನ ಹೋಗುವ ರಸ್ತೆಯಿಲ್ಲ. ಸುತ್ತಲೂ ಕಾಡು, ಕೆಳಗೆ ಕಣಿವೆ. ಅಲ್ಲಿಗೆ ತಲುಪಲು ರೈಲೊಂದೇ ದಾರಿ, ಇಲ್ಲವೇ ಕಾಡಿನ ಕಾಲುಹಾದಿ. ಪ್ರಯಾಣಿಕರಿಗಾಗಿ ಕಟ್ಟಿದ ನಿಲ್ದಾಣ ಇದಲ್ಲ. ಎದುರು ಬದುರಾಗುವ ರೈಲುಗಳು ಪರಸ್ಪರ ದಾಟಿಕೊಳ್ಳಲೆಂದು ಗುಡ್ಡದ ಮಗ್ಗುಲಲ್ಲಿ ಜಾಗ ಮಾಡಿ ಕಟ್ಟಿದ್ದು.

ರೈಲಿಲ್ಲದ ಹತ್ತು ವರ್ಷ

ರೈಲು ನಿಂತ ಅವಧಿಯಲ್ಲಿ ರೂಢಿಗೆ ಬಂದ ಚಾರಣದ ಕ್ರಮ ಹೀಗಿತ್ತು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಸಕಲೇಶಪುರವನ್ನು ದಾಟಿ ದೋಣಿಗಲ್‌ನಲ್ಲಿ ಬಸ್ಸಿಳಿದು ಬೆಳಿಗ್ಗೆಯೇ ಹಳಿಯನ್ನು ಸೇರುವುದು. ಇಡೀ ದಿನ ನಡೆದು ಸಂಜೆಗೆ ಎಡಕುಮೇರಿ ತಲುಪುವುದು. ನಿಲ್ದಾಣದ ಜಗಲಿಯಲ್ಲಿ ರಾತ್ರಿ ಕಳೆದು, ಮರುದಿನ ಸಿರಿಬಾಗಿಲಿನ ಮೂಲಕ ಸುಬ್ರಹ್ಮಣ್ಯ ರಸ್ತೆಯತ್ತ ಸಾಗುವುದು. ಅಷ್ಟು ಶಕ್ತಿಯಿಲ್ಲದವರು ಕಾಡಿನೊಳಗೆ ಇಳಿದು, ಕೆಂಪುಹೊಳೆಯನ್ನು ದಾಟಿ, ಗುಂಡ್ಯದ ಕಡೆಗೆ ಹೆದ್ದಾರಿಯನ್ನು ಸೇರಿಕೊಳ್ಳುತ್ತಿದ್ದರು.

ಹಳಿಯ ಮೇಲೆ ನಡೆಯುವುದು ಸುಲಭವೆಂದು ಭಾವಿಸುವವರು ಒಂದು ಕಿಲೋಮೀಟರ್ ನಡೆದು ನೋಡಬೇಕು. ಸ್ಲೀಪರುಗಳ ನಡುವಿನ ಅಂತರ ಮನುಷ್ಯನ ಹೆಜ್ಜೆಗೆ ಹೊಂದುವಂಥದ್ದಲ್ಲ. ಒಂದೊಂದನ್ನೇ ಮೆಟ್ಟಿದರೆ ಹೆಜ್ಜೆ ಗಿಡ್ಡವಾಗುತ್ತದೆ, ಒಂದು ಬಿಟ್ಟು ಒಂದು ಮೆಟ್ಟಲು ಹೋದರೆ ಉದ್ದವಾಗುತ್ತದೆ. ಸ್ಲೀಪರನ್ನು ಬಿಟ್ಟು ಜಲ್ಲಿಯ ಮೇಲೆ ನಡೆದರೆ ಪಾದ ಹೊರಳುತ್ತದೆ. ಹದಿನೈದು, ಹದಿನೆಂಟು ಕಿ.ಮೀ. ಹೀಗೆಯೇ ನಡೆದವರ ಮೊಣಕಾಲು ಎರಡು ದಿನ ಮಾತು ಕೇಳುವುದಿಲ್ಲ.

ಸುರಂಗಗಳ ಅನುಭವವೇ ಬೇರೆ. ಪ್ರತಿ ಸುರಂಗದ ಬಾಯಲ್ಲಿ ಅದರ ಸಂಖ್ಯೆ, ಉದ್ದಗಳನ್ನು ಬರೆಯಲಾಗಿದೆ. ಚಿಕ್ಕವುಗಳಲ್ಲಿ ಆಚೆಯ ಬೆಳಕು ಕಾಣುತ್ತದೆ. ಅರ್ಧ ಕಿಲೋಮೀಟರ್‌ನಷ್ಟು ಉದ್ದದವು, ಅದರಲ್ಲಿಯೂ ತಿರುವಿನಲ್ಲಿರುವವು, ಹತ್ತು ಹೆಜ್ಜೆಗೇ ಕತ್ತಲನ್ನು ಮುಖಕ್ಕೆ ಕಟ್ಟುತ್ತವೆ. ಬಂಡೆಯಿಂದ ತೊಟ್ಟಿಕ್ಕುವ ನೀರು, ಟಾರ್ಚಿನ ಬೆಳಕಿಗೆ ಕದಲುವ ಬಾವಲಿಗಳು, ತಮ್ಮದೇ ಹೆಜ್ಜೆಯ ಮಾರ್ದನಿ. ಹೊರಬಂದೊಡನೆ ಸೇತುವೆ. ಗರ್ಡರಿನ ಸೇತುವೆಗಳಲ್ಲಿ ನೆಲವೆಂಬುದಿಲ್ಲ. ಸ್ಲೀಪರುಗಳ ಸಂದಿಯಲ್ಲಿ ಬಹು ಆಳದಲ್ಲಿ ಹರಿಯುವ ತೊರೆ ಕಾಣುತ್ತದೆ. ನಡೆಯುವಾಗ ಕಾಲಿನತ್ತ ನೋಡದೆ ಇರಲಾಗದು, ನೋಡಿದರೆ ಆಳವೂ ಕಾಣುತ್ತದೆ. ಗಟ್ಟಿ ಎದೆಯವರೂ ಕೆಲವೊಮ್ಮೆ ಕೈಯೂರಿ ದಾಟಿದ್ದಾರೆ.

ಮಳೆಗಾಲದಲ್ಲಿ ಇಲ್ಲಿನ ಬಂಡೆಗಳೆಲ್ಲ ನೀರಿಳಿಸುತ್ತವೆ. ವರ್ಷದ ಮಳೆಯನ್ನೆಲ್ಲ ಸೇರಿಸಿದರೂ ಐದಾರು ನೂರು ಮಿ.ಮೀ. ಆಸುಪಾಸಿನಲ್ಲಿ ನಿಲ್ಲುವ ನಮ್ಮ ತಾಲ್ಲೂಕುಗಳವರಿಗೆ ಅಲ್ಲಿಯ ಜುಲೈ ತಿಂಗಳ ಮಳೆಯನ್ನು ಊಹಿಸುವುದೂ ಕಷ್ಟ. ಇಂಬಳಗಳ ಕಾಟದ ಬಗ್ಗೆ ಹೇಳಬೇಕಾಗಿಲ್ಲ. ಕಾಡಾನೆಗಳ ಸಂಚಾರವೂ ಈ ಭಾಗದಲ್ಲಿದೆ.

ಆ ದಿನಗಳ ಚಾರಣಕ್ಕೆ ಯಾರೂ ವಿಧಿವತ್ತಾಗಿ ಅನುಮತಿ ಕೊಟ್ಟಿರಲಿಲ್ಲ. ರೈಲು ಓಡದಿದ್ದುದರಿಂದ ತಡೆಯುವವರೂ ವಿರಳವಾಗಿದ್ದರು. ಅಮೆರಿಕದಲ್ಲಿ 1983ರಲ್ಲಿ ಬಂದ ಕಾನೂನಿನ ತಿದ್ದುಪಡಿಯೊಂದು ಇಂತಹ ಸಂದರ್ಭಕ್ಕೆ ದಾರಿ ಮಾಡಿದೆ. ಬಳಕೆ ನಿಂತ ರೈಲು ಹಾದಿಯನ್ನು ನಡಿಗೆ ಹಾಗೂ ಸೈಕಲ್ ಸವಾರರಿಗೆ ಬಿಟ್ಟುಕೊಟ್ಟು, ಮುಂದೆ ಬೇಕಾದಾಗ ಮರಳಿ ರೈಲಿಗೆ ಪಡೆಯುವ ಹಕ್ಕನ್ನು ಅಲ್ಲಿ ಉಳಿಸಿಕೊಳ್ಳಲಾಗುತ್ತದೆ. ಮಿಸೌರಿ ರಾಜ್ಯದ ಕೇಟಿ ಹಾದಿ ಅಂಥದ್ದು. ನಮ್ಮಲ್ಲಿ ಅಂತಹ ಏರ್ಪಾಡು ಇದ್ದಿದ್ದರೆ, ಯಾವ ದಿನದಿಂದ ಈ ಹಾದಿ ನಡೆಯುವವರದಲ್ಲ ಎಂಬುದಾದರೂ ಎಲ್ಲರಿಗೂ ಸ್ಪಷ್ಟವಾಗಿರುತ್ತಿತ್ತು.

ಅದಿರಿನ ಕರೆ

ಹೊಸಪೇಟೆ–ಕೊಟ್ಟೂರು ಮಾರ್ಗದ ಕಥೆಯನ್ನು ಬಲ್ಲ ನಮ್ಮ ಓದುಗರಿಗೆ, ಗೇಜ್ ಪರಿವರ್ತನೆಯ ಹೆಸರಿನಲ್ಲಿ ರೈಲು ನಿಂತರೆ ಎಷ್ಟು ವರ್ಷ ನಿಲ್ಲಬಹುದೆಂಬುದು ಹೊಸ ಸಂಗತಿಯಲ್ಲ. 20ನೇ ಶತಮಾನದ ಆರಂಭದಿಂದ ಮೀಟರ್ ಗೇಜ್ ರೈಲು ಕಂಡಿದ್ದ ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳು 1990ರ ದಶಕದ ಪರಿವರ್ತನೆಯ ನಂತರ ಪ್ರಯಾಣಿಕರ ರೈಲಿಗಾಗಿ ಎರಡು ದಶಕಗಳಷ್ಟು ಕಾಯಬೇಕಾಯಿತು. ಹಳಿ ಇತ್ತು, ರೈಲಿರಲಿಲ್ಲ. ಘಟ್ಟದಲ್ಲಿಯೂ ಅದೇ ಸ್ಥಿತಿಯಾಗಿತ್ತು. ದುರ್ಗಮ ಭಾಗದ ಪರಿವರ್ತನೆಗೆ ಹಣ ಸಾಲದೆ ಕೆಲಸ ಕುಂಟುತ್ತಿತ್ತು.

2003ರಲ್ಲಿ ರೈಲ್ವೆ ಹಾಗೂ ರಾಜ್ಯ ಸರ್ಕಾರಗಳ ಸಹಭಾಗಿತ್ವದಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಸ್ಥಾಪನೆಯಾದಾಗ ಚಿತ್ರ ಬದಲಾಯಿತು. ಹೂಡಿದ ಹಣ ಹಿಂದಿರುಗಬೇಕಾದರೆ ಸರಕು ಬೇಕು. ಅದೇ ಕಾಲಕ್ಕೆ ಚೀನಾದ ಬೇಡಿಕೆಯಿಂದ ಬಳ್ಳಾರಿ–ಹೊಸಪೇಟೆ–ಸಂಡೂರು ಭಾಗದ ಅದಿರಿಗೆ ಬೆಲೆ ಏರುತ್ತಿತ್ತು. ಅದು ಬಂದರು ಸೇರಬೇಕಿತ್ತು. ಪಣಂಬೂರಿನ ನವಮಂಗಳೂರು ಬಂದರಿಗೆ ಅರಸೀಕೆರೆ, ಹಾಸನ, ಸಕಲೇಶಪುರಗಳ ಮೂಲಕ ಘಟ್ಟ ಇಳಿಯುವ ಹಾದಿ ಸಿದ್ಧವಾಗುತ್ತಿತ್ತು. 2006ರ ಮೇ ತಿಂಗಳಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಸರಕು ರೈಲುಗಳ ಸಂಚಾರ ಆರಂಭಗೊಂಡಿತು. ಪ್ರಯಾಣಿಕರ ರೈಲು ಓಡಿದ್ದು ಆನಂತರ, 2007ರ ಡಿಸೆಂಬರ್‌ನಲ್ಲಿ. ಮೊದಲು ಅದಿರು, ಆಮೇಲೆ ಜನ. ಈ ಕ್ರಮವೂ ನಮ್ಮ ಭಾಗದವರಿಗೆ ಪರಿಚಿತವೇ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ಸ್ಥಗಿತಗೊಳಿಸಿತು. ಗಣಿಗಾರಿಕೆ ಮುಂದೆ ನಿರ್ಬಂಧಗಳೊಂದಿಗೆ ಮತ್ತೆ ಆರಂಭವಾಯಿತಾದರೂ ಹಿಂದಿನ ರಫ್ತಿನ ಭರಾಟೆ ಮರಳಲಿಲ್ಲ. ಅಷ್ಟಾದರೂ ಘಟ್ಟದ ರೈಲು ನಿಲ್ಲಲಿಲ್ಲ. ಬೇರೆ ಸರಕುಗಳು, ಪ್ರಯಾಣಿಕರ ರೈಲುಗಳು ಹೆಚ್ಚಿದವು. ಕೊಟ್ಟೂರಿನಿಂದ ಹರಪನಹಳ್ಳಿ, ತೆಲಗಿ ಮಾರ್ಗವಾಗಿ ಹರಿಹರಕ್ಕೆ ಹೊಸ ಮಾರ್ಗ ಸಿದ್ಧವಾದುದು ಇದೇ ದಿಕ್ಕಿನ ಮುಂದಿನ ಹೆಜ್ಜೆ. ಹೊಸಪೇಟೆಯ ಕಡೆಯಿಂದ ಹರಿಹರದತ್ತ ಸುತ್ತು ತಪ್ಪಿತು. 2019ರಲ್ಲಿ ಹೊಸಪೇಟೆ–ಹರಿಹರ ನಡುವೆ ಪ್ರಯಾಣಿಕರ ರೈಲೂ ಬಂದಿತು. ಹೂವಿನಹಡಗಲಿಗೂ ಕೂಡ್ಲಿಗಿ ಪಟ್ಟಣಕ್ಕೂ ಮಾತ್ರ ಇನ್ನೂ ಹಳಿಯೇ ಇಲ್ಲ.

ಇಂದು ಏಕೆ ನಡೆಯಬಾರದು

ರೈಲ್ವೆ ಆವರಣದಲ್ಲಿ ಅನಧಿಕೃತ ಪ್ರವೇಶವು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ದಂಡದ ಮೊತ್ತವನ್ನು ನೋಡಿ ಹಗುರವಾಗಿ ಭಾವಿಸುವವರಿದ್ದಾರೆ. ಅವರು ಘಟ್ಟದಲ್ಲಿ ರೈಲು ಹೇಗೆ ಸಾಗುತ್ತದೆಂಬುದನ್ನು ಅರಿಯಬೇಕು.

ಏರುವ ರೈಲಿಗೆ ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನುಗಳನ್ನು ಜೋಡಿಸುತ್ತಾರೆ. ಅದರ ಸದ್ದು ದೂರದಿಂದಲೇ ಕೇಳಿಸೀತು. ಇಳಿಯುವ ರೈಲು ಬ್ರೇಕ್ ಹಿಡಿದು ನಿಧಾನವಾಗಿ ಬರುತ್ತದೆ. ತಿರುವಿನ ಹಿಂದೆ, ಗುಡ್ಡದ ಮರೆಯಲ್ಲಿ, ಜಲಪಾತದ ಭೋರ್ಗರೆತದ ನಡುವೆ ಅದರ ಸದ್ದು ಕೊನೆಯ ಗಳಿಗೆಯವರೆಗೂ ಕಿವಿಗೆ ಬೀಳದಿರಬಹುದು. ವೇಗ ಕಡಿಮೆ ಎಂದ ಮಾತ್ರಕ್ಕೆ ಚಾಲಕ ತಕ್ಷಣ ನಿಲ್ಲಿಸಬಲ್ಲನೆಂದಲ್ಲ. ಸಾವಿರಾರು ಟನ್ ಭಾರ ಇಳಿಜಾರಿನಲ್ಲಿ ಹಿಂದಿನಿಂದ ಒತ್ತುತ್ತಿರುತ್ತದೆ. ಸುರಂಗದೊಳಗೆ ಬ್ರಾಡ್‌ಗೇಜ್ ಬೋಗಿಗೂ ಗೋಡೆಗೂ ನಡುವೆ ಉಳಿಯುವ ಜಾಗ ಅತ್ಯಲ್ಪ. ಸಿಬ್ಬಂದಿಗಾಗಿ ಅಲ್ಲಲ್ಲಿ ಬಿಟ್ಟಿರುವ ಗೂಡುಗಳು ಕತ್ತಲಲ್ಲಿ ಹೊಸಬನ ಕಣ್ಣಿಗೆ ಬೀಳುವುದು ಕಷ್ಟ. ಸೇತುವೆಯ ಮಧ್ಯದಲ್ಲಿ ಸಿಲುಕಿದವನಿಗೆ ಓಡಲು ನೆಲವಿಲ್ಲ. ಇದರ ಮೇಲೆ ಈಗ ವಿದ್ಯುತ್ ತಂತಿಯೂ ಸೇರಿಕೊಂಡಿದೆ. 2025ರಲ್ಲಿ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಈ ಭಾಗದ ವಿದ್ಯುದೀಕರಣ ಕಾಮಗಾರಿಯನ್ನು ನಡೆಸಲಾಯಿತು. ಇಂತಹ ಮಾರ್ಗಗಳ ತಂತಿಯಲ್ಲಿ ಹರಿಯುವುದು 25 ಸಾವಿರ ವೋಲ್ಟ್. ಹಗಲಿನ ರೈಲು ನಿಂತಿದೆಯೆಂಬ ಸುದ್ದಿಯನ್ನು ಓದಿ ಹಾದಿ ಖಾಲಿಯಿದೆಯೆಂದು ಹೊರಡುವುದು ದೊಡ್ಡ ತಪ್ಪು. ಸರಕು ರೈಲಿಗೆ ವೇಳಾಪಟ್ಟಿಯ ಹಂಗಿಲ್ಲ.

ಬೆಟ್ಟವೂ ಸ್ಥಿರವಾಗಿಲ್ಲ. 2018ರ ಆಗಸ್ಟ್ ಮಳೆಗೆ ಹಲವೆಡೆ ಗುಡ್ಡ ಕುಸಿದು ವಾರಗಟ್ಟಲೆ ಸಂಚಾರ ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಮಳೆಯಲ್ಲಿ ರಾತ್ರಿ ಹಗಲು ಹಳಿ ಕಾಯುವ ಕಾರ್ಮಿಕರಿಗೆ ದಾರಿತಪ್ಪಿದ ಚಾರಣಿಗರನ್ನು ಹುಡುಕುವ ಕೆಲಸವನ್ನೂ ಹೊರಿಸುವುದು ನ್ಯಾಯವಲ್ಲ. ಇದು ಈ ಒಂದು ಘಟ್ಟದ ಸಮಸ್ಯೆಯಲ್ಲ. ಕ್ಯಾಸಲ್‌ರಾಕ್–ಕುಲೆಂ ನಡುವೆ ದೂಧಸಾಗರದ ಬಳಿ ಹಳಿಗುಂಟ ನಡೆಯುವವರ ಗುಂಪು ಮಿತಿಮೀರಿದಾಗ ನೈಋತ್ಯ ರೈಲ್ವೆಯು 2023ರ ಜುಲೈನಲ್ಲಿ ಇದೇ ಕಲಮನ್ನು ನೆನಪಿಸಿ ಸಾರ್ವಜನಿಕರನ್ನು ಎಚ್ಚರಿಸಿತ್ತು.

ನೋಡುವ ಬಗೆ

ಕಣಿವೆಯನ್ನು ಕಾಣಲು ಕಾನೂನುಬದ್ಧ ದಾರಿ ರೈಲಿನ ಕಿಟಕಿ. 2021ರ ಜುಲೈನಿಂದ ಬೆಂಗಳೂರು–ಮಂಗಳೂರು ನಡುವಿನ ಹಗಲು ರೈಲುಗಳಿಗೆ ಅಗಲ ಗಾಜಿನ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಯಿತು. ಅದರ ದರ ದುಬಾರಿಯೆನಿಸಿದರೆ ಸಾಮಾನ್ಯ ಬೋಗಿಯ ಕಿಟಕಿಯೂ ಕಡಿಮೆಯದಲ್ಲ. ಗಾಳಿಯೂ ಸಿಗುತ್ತದೆ. ನಮ್ಮ ಭಾಗದವರು ಹರಿಹರಕ್ಕೆ ಹೋಗಿ, ಅಲ್ಲಿಂದ ಅರಸೀಕೆರೆ, ಹಾಸನ ಮಾರ್ಗವಾಗಿ ಸಕಲೇಶಪುರ ಸೇರಬಹುದು. ಘಟ್ಟದ ಭಾಗವನ್ನು ಹಗಲು ಹೊತ್ತಿನಲ್ಲಿ ದಾಟುವ ರೈಲನ್ನೇ ಆರಿಸಿಕೊಳ್ಳಬೇಕು, ರಾತ್ರಿಯ ರೈಲಿನಲ್ಲಿ ಕತ್ತಲಲ್ಲದೆ ಬೇರೇನೂ ಕಾಣದು. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ತೊರೆಗಳಲ್ಲಿ ನೀರೂ ಇರುತ್ತದೆ, ಮಂಜಿನ ಮರೆಯೂ ಅಷ್ಟಾಗಿರುವುದಿಲ್ಲ.

ನಡೆಯಲೇಬೇಕೆನ್ನುವವರಿಗೆ ಇದೇ ಸುಬ್ರಹ್ಮಣ್ಯದ ಮಗ್ಗುಲಲ್ಲಿ ಕುಮಾರಪರ್ವತವಿದೆ. ಅದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ಮುಂಗಡ ಕಾಯ್ದಿರಿಸಬೇಕು. ಮಳೆಗಾಲದಲ್ಲಿಯೂ ಕಾಳ್ಗಿಚ್ಚಿನ ಬೇಸಿಗೆಯಲ್ಲಿಯೂ ಹಾದಿಯನ್ನು ಮುಚ್ಚುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಿಂದ ಕುಕ್ಕೆ ದೇವಸ್ಥಾನಕ್ಕೆ ಹನ್ನೆರಡು ಕಿ.ಮೀ.ನಷ್ಟು ರಸ್ತೆ ಪ್ರಯಾಣವಿದ್ದು, ಬಸ್ಸು ಹಾಗೂ ಬಾಡಿಗೆ ವಾಹನಗಳು ದೊರೆಯುತ್ತವೆ.