ಜನರ ತೀರ್ಪಿಗೆ ತಲೆಬಾಗಿದ ನ್ಯಾಯವಾದಿ

ವಾದಿಸಿ ಗೆಲ್ಲುವುದು ವಕೀಲನ ವೃತ್ತಿ. ಆದರೆ ವ್ಯಾಜ್ಯವು ತನ್ನದೇ ಆಗಿ, ನ್ಯಾಯಪೀಠದಲ್ಲಿ ಜನತೆಯೇ ಕುಳಿತಾಗ ಆತನು ಹೇಗೆ ನಡೆದುಕೊಳ್ಳುತ್ತಾನೆ? ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದ ನಾರ್ಮನ್ ಮ್ಯಾನ್ಲಿಯವರಿಗೆ ಈ ಪರೀಕ್ಷೆ 1961ರಲ್ಲಿ ಒದಗಿತು.

ಆಗ ಬ್ರಿಟಿಷ್ ವಸಾಹತಾಗಿದ್ದ ಆ ದ್ವೀಪದಲ್ಲಿ 1893ರ ಜುಲೈ 4ರಂದು ಜನಿಸಿದ ಮ್ಯಾನ್ಲಿ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ರೋಡ್ಸ್ ವಿದ್ಯಾರ್ಥಿವೇತನ ಪಡೆದು 1914ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ. ಸೇನೆಗೆ ಸೇರಿದ ಅವರು ಶೌರ್ಯಪದಕವನ್ನು ಪಡೆದರು. ತಮ್ಮನಾದ ರಾಯ್ 1917ರಲ್ಲಿ ರಣಭೂಮಿಯಲ್ಲಿ ಮಡಿದನು. 1922ರಲ್ಲಿ ಬ್ಯಾರಿಸ್ಟರಾಗಿ ಸ್ವದೇಶಕ್ಕೆ ಮರಳಿದ ಮೇಲೆ ಕೆಲವೇ ವರ್ಷಗಳಲ್ಲಿ ಅವರಿಗೆ ಸಮನಾದ ವಕೀಲರು ದ್ವೀಪದಲ್ಲಿ ವಿರಳರಾದರು. ನಮ್ಮ ಮನೆಗಳಲ್ಲಿ ನೆಗಡಿಗೆ ಹಚ್ಚುವ ವಿಕ್ಸ್ ಮುಲಾಮಿನ ವ್ಯಾಪಾರಚಿಹ್ನೆಯ ವ್ಯಾಜ್ಯವನ್ನು ನಡೆಸಿದವರೂ ಅವರೇ ಎಂಬುದು ನಮ್ಮವರಿಗೆ ಅಷ್ಟಾಗಿ ತಿಳಿಯದು.

ಹಣವೂ ಕೀರ್ತಿಯೂ ಕೈಗೂಡಿದ್ದ ಈ ವ್ಯಕ್ತಿಯನ್ನು ಸಾರ್ವಜನಿಕ ಸೇವೆಗೆ ಎಳೆದು ತಂದದ್ದು ಬಾಳೆಯ ಗೊನೆ ಎಂದರೆ ವಿಚಿತ್ರವೆನಿಸೀತು. ರಫ್ತಾಗುವ ಪ್ರತಿಯೊಂದು ಗೊನೆಗೆ ಒಂದು ಸೆಂಟ್‌ನಂತೆ ಗ್ರಾಮಕಲ್ಯಾಣಕ್ಕೆ ತೆಗೆದಿಡಲು ಬಾಳೆಹಣ್ಣಿನ ಕಂಪನಿಗಳನ್ನು ಅವರು ಒಪ್ಪಿಸಿದರು. ಆ ನಿಧಿಯಿಂದ 1937ರಲ್ಲಿ ‘ಜಮೈಕಾ ವೆಲ್‌ಫೇರ್’ ಸಂಸ್ಥೆ ಹುಟ್ಟಿತು. ಮರುವರ್ಷ ಕಬ್ಬಿನ ತೋಟಗಳಲ್ಲಿಯೂ ಬಂದರುಗಳಲ್ಲಿಯೂ ಕಾರ್ಮಿಕರು ದಂಗೆಯೆದ್ದರು. ಅವರ ನಾಯಕನಾದ ಅಲೆಕ್ಸಾಂಡರ್ ಬುಸ್ಟಮಾಂಟೆ, ಮ್ಯಾನ್ಲಿಯವರ ಸೋದರಸಂಬಂಧಿ, ಸೆರೆಮನೆ ಸೇರಿದಾಗ ಅವನ ಬಿಡುಗಡೆಗಾಗಿ ಶ್ರಮಿಸಿದವರು ಮ್ಯಾನ್ಲಿಯವರೇ. ಅದೇ 1938ರಲ್ಲಿ ಅವರು ಪೀಪಲ್ಸ್ ನ್ಯಾಷನಲ್ ಪಾರ್ಟಿಯನ್ನು ಸ್ಥಾಪಿಸಿದರು. ಆದರೆ ವಯಸ್ಕ ಮತದಾನದ ಮೊದಲ ಚುನಾವಣೆಯಲ್ಲಿ (1944) ಗೆದ್ದದ್ದು ಬುಸ್ಟಮಾಂಟೆಯ ಪಕ್ಷ. ಸಾರ್ವತ್ರಿಕ ಮತದ ಹಕ್ಕಿಗಾಗಿ ಹೋರಾಡಿದ ಮ್ಯಾನ್ಲಿ ತಮ್ಮ ಕ್ಷೇತ್ರದಲ್ಲಿಯೇ ಸೋತರು! ಮುಖ್ಯಮಂತ್ರಿಯಾಗಲು ಅವರು 1955ರವರೆಗೆ ಕಾಯಬೇಕಾಯಿತು.

ಅವರ ದೊಡ್ಡ ಕನಸು ವೆಸ್ಟ್ ಇಂಡೀಸ್ ಒಕ್ಕೂಟ. ಹತ್ತು ವಸಾಹತುಗಳು ಕೂಡಿದ ಈ ಒಕ್ಕೂಟ 1958ರ ಜನವರಿಯಲ್ಲಿ ಅಸ್ತಿತ್ವಕ್ಕೆ ಬಂದಿತು. ಇಲ್ಲಿ ಅವರ ಒಂದು ತಪ್ಪನ್ನೂ ಹೇಳಬೇಕು. ಒಕ್ಕೂಟದ ಸಂಸತ್ತಿಗೆ ಅವರು ಸ್ಪರ್ಧಿಸದೆ ಜಮೈಕಾದಲ್ಲಿಯೇ ಉಳಿದರು; ಪ್ರಧಾನಿಯ ಸ್ಥಾನ ಬಾರ್ಬಡೋಸಿನ ಗ್ರಾಂಟ್ಲಿ ಆ್ಯಡಮ್ಸರಿಗೆ ಹೋಯಿತು. ತಾವೇ ಹಂಬಲಿಸಿದ ಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ಹೋಗದಂತಾಯಿತು ಅದು.

1960ರಲ್ಲಿ ಬುಸ್ಟಮಾಂಟೆ ಒಕ್ಕೂಟದ ವಿರುದ್ಧ ತಿರುಗಿಬಿದ್ದರು. ಶಾಸನಸಭೆಯಲ್ಲಿ ಮ್ಯಾನ್ಲಿಯವರಿಗೆ ಸ್ಪಷ್ಟ ಬಹುಮತವಿತ್ತು. 45 ಸ್ಥಾನಗಳಲ್ಲಿ 29. ಅದನ್ನೇ ನೆಚ್ಚಿ ಅವರು ಸುಮ್ಮನಿರಬಹುದಿತ್ತು. ಬದಲಾಗಿ ಜನಮತಗಣನೆಯನ್ನು ಘೋಷಿಸಿದರು. ಅಂಥ ಮಹತ್ತ್ವದ ವಿಷಯವನ್ನು ಜನರನ್ನು ಕೇಳದೆ ನಿರ್ಣಯಿಸಲಾಗದೆಂಬುದು ಅವರ ನಿಲುವು. ಇದು ರಾಜಕೀಯ ಜಾಣ್ಮೆಯಲ್ಲವೆಂದು ಟೀಕಿಸಿದವರುಂಟು. ಆ ಟೀಕೆಯಲ್ಲಿ ಹುರುಳಿಲ್ಲದೆಯೂ ಇಲ್ಲ. 1961ರ ಸೆಪ್ಟೆಂಬರ್ 19ರಂದು ನಡೆದ ಮತದಾನದಲ್ಲಿ ಶೇಕಡ 54ರಷ್ಟು ಮಂದಿ ಒಕ್ಕೂಟ ಬೇಡವೆಂದರು.

ಸೋತ ವಕೀಲನು ಮೇಲ್ಮನವಿಗೆ ದಾರಿ ಹುಡುಕುವುದು ಸಹಜ. ಮ್ಯಾನ್ಲಿ ಹುಡುಕಲಿಲ್ಲ. ತೀರ್ಪನ್ನು ಒಪ್ಪಿ, ಜಮೈಕಾದ ಪ್ರತ್ಯೇಕ ಸ್ವಾತಂತ್ರ್ಯಕ್ಕಾಗಿ ಲಂಡನ್ನಿನಲ್ಲಿ ಮಾತುಕತೆಗೆ ಕುಳಿತರು. ಎದುರಾಳಿ ಬುಸ್ಟಮಾಂಟೆಯೂ ಆ ನಿಯೋಗದಲ್ಲಿದ್ದರು. 1959ರಲ್ಲಿ ಆರಿಸಿ ಬಂದಿದ್ದ ಸರ್ಕಾರಕ್ಕೆ ಇನ್ನೂ ಅವಧಿ ಉಳಿದಿತ್ತು. ಆದರೂ ಸ್ವತಂತ್ರ ರಾಷ್ಟ್ರದ ಮೊದಲ ಸರ್ಕಾರವನ್ನು ಜನರೇ ಆರಿಸಲೆಂದು 1962ರ ಏಪ್ರಿಲ್‌ನಲ್ಲಿ ಚುನಾವಣೆ ನಡೆಸಿ, ಅದರಲ್ಲಿಯೂ ಸೋತರು. ಮೇ 31ರಂದು ಒಕ್ಕೂಟ ವಿಸರ್ಜನೆಯಾಯಿತು. ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾದಾಗ ಪ್ರಧಾನಿಯಾಗಿದ್ದವರು ಬುಸ್ಟಮಾಂಟೆ. ಮ್ಯಾನ್ಲಿ ವಿರೋಧಪಕ್ಷದ ನಾಯಕರು.

ಅಧಿಕಾರ ಅವರಿಗೆ ಮತ್ತೆ ದೊರೆಯಲಿಲ್ಲ. 1969ರ ಸೆಪ್ಟೆಂಬರ್ 2ರಂದು ಅವರು ನಿಧನರಾದರು. ಕಿಂಗ್‌ಸ್ಟನ್ನಿನ ರಾಷ್ಟ್ರವೀರರ ಉದ್ಯಾನದಲ್ಲಿ ಇಂದು ಆ ಇಬ್ಬರು ಬಂಧುಗಳ ಸಮಾಧಿಗಳೂ ಇವೆ.